ವಸಡು ಊದಿದಾಗ ಉಪ್ಪುನೀರು: ನನ್ನ ಅನುಭವ

ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯ ವಸಡು ಕೆಂಪಾಗಿ ಊದಿಕೊಂಡಿತ್ತು. ಹಲ್ಲುಜ್ಜಿ ಉಗಿದರೆ ನೊರೆಯಲ್ಲಿ ರಕ್ತದ ಎಳೆ. "ಸೈಂಧವ ಉಪ್ಪೇ ಆಗಬೇಕು, ಬೇರೆದು ಬೇಡ" ಅಂತ ಅತ್ತೆ. ಮನೆಯಲ್ಲಿ ಅದೂ ಇತ್ತು, ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಕಲ್ಲುಪ್ಪೂ ಇತ್ತು, ಅಡುಗೆಯ ಪುಡಿ ಉಪ್ಪಂತೂ ಇದ್ದೇ ಇತ್ತು. ಮೂರನ್ನೂ ಬಳಸಿ ನೋಡಿದೆ. ವಸಡಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗೋದಾದರೂ ಹೇಗೆ, ಮೂರರಲ್ಲೂ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡೇ ಅಲ್ವಾ? ಸೈಂಧವದ ಗುಲಾಬಿ ಬಣ್ಣ ಅದರಲ್ಲಿರುವ ಚೂರೇ ಚೂರು ಕಬ್ಬಿಣದ್ದು, ಅರ್ಧ ನಿಮಿಷ ಬಾಯಲ್ಲಿಟ್ಟು ಉಗಿಯುವ ನೀರಿನಿಂದ ಅದು ವಸಡಿಗೆ ಏನು ತಾನೇ ಮಾಡೀತು.

ಅಳತೆ ಮಾತ್ರ ಮುಖ್ಯ. 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಸಾಕು, ಜಾಸ್ತಿ ಹಾಕಿದರೆ ಬಾಯಿ ಒಣಗಿ ಉರಿಯುತ್ತದೆ. ಕಲ್ಲುಪ್ಪಾದರೆ ಹರಳು ಪೂರ್ತಿ ಕರಗಬೇಕು, ಆಮೇಲೆ ಲೋಟವನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ ತಳದಲ್ಲಿ ಬೂದು ಬಣ್ಣದ ಮಣ್ಣು ಕೂರುತ್ತದೆ, ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿಕೊಳ್ಳುತ್ತಿದ್ದೆ. ಬೆಳಗ್ಗೆ, ರಾತ್ರಿ, ಹಲ್ಲುಜ್ಜಿದ ಮೇಲೆ ಮುಕ್ಕಳಿಸುವುದು. ಈ ನೀರು ಊದಿದ ಜಾಗದಿಂದ ನೀರಿನಂಶ ಎಳೆಯುತ್ತದೆ, ಅದಕ್ಕೇ ಬಿಗಿತ ಕಡಿಮೆಯಾದ ಹಾಗೆ ಅನಿಸುವುದು. ಪಟಿಕದ ನೀರನ್ನೂ ನೋಡಿದೆ. ವಸಡು ಬಿಗಿಯುತ್ತದೆ ನಿಜ, ಆದರೆ ಆ ಒಗರು ನನಗಾಗಲಿಲ್ಲ.

ನೋವು ಇಳಿಯಿತು. ಆದರೆ ಮುಕ್ಕಳಿಸುವುದು ಬಿಟ್ಟರೆ ಮತ್ತೆ ರಕ್ತ. ಹಲ್ಲಿನ ಡಾಕ್ಟರ್ ಕನ್ನಡಿ ಹಿಡಿದು ತೋರಿಸಿದರು: ಹಲ್ಲಿನ ಬುಡದಲ್ಲಿ ಹಳದಿ ಗಾರೆ. ಜೊಲ್ಲಿನ ಗ್ರಂಥಿಗಳ ಬಾಯಿ ನಾಲಿಗೆಯ ಕೆಳಗೇ ತೆರೆದುಕೊಳ್ಳುತ್ತದೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಹಲ್ಲಿನ ಪಾಚಿಯಲ್ಲಿ ಸೇರಿ ಅದು ಕಲ್ಲಾಗುತ್ತದೆ, ಹಾಗಾಗಿ ಆ ಜಾಗದಲ್ಲಿ ಬೇಗ ಕಟ್ಟುತ್ತದಂತೆ. ಖನಿಜದಿಂದಲೇ ಆದ ಈ ಕಲ್ಲನ್ನು ಯಾವ ಖನಿಜ ಉಪ್ಪೂ ಕರಗಿಸುವುದಿಲ್ಲ. ಸ್ಕೇಲಿಂಗ್ ಮಾಡಿಸಿ ಆ ಗಾರೆ ತೆಗೆಸಿದೆ. ಆಮೇಲೆ ವಸಡು ಜುಮುಜುಮು ಅಂದಾಗ ಅದೇ ಉಪ್ಪುನೀರು ನಿಜಕ್ಕೂ ಹಾಯೆನಿಸಿತು, ರಕ್ತವೂ ನಿಂತಿತು.

ಉಪ್ಪಿನ ಪುಡಿ ಹಾಕಿ ಬೆರಳಲ್ಲಿ ತಿಕ್ಕುವವರಿದ್ದಾರೆ, ದಯವಿಟ್ಟು ಬೇಡ. ಹಲ್ಲು ಸವೆಯುತ್ತದೆ, ವಸಡು ಇನ್ನಷ್ಟು ಗಾಯವಾಗುತ್ತದೆ. ಬಿಪಿ ಇದ್ದವರು ನೀರು ನುಂಗಬೇಡಿ. ಕೀವು ಬಂದರೆ, ಹಲ್ಲು ಅಲುಗಾಡಿದರೆ, ಕೆನ್ನೆ ಊದಿದರೆ ಲೋಟ ಅಲ್ಲೇ ಇಟ್ಟು ಡಾಕ್ಟರ ಹತ್ತಿರ ಹೋಗಿ. ವಸಡು ಪದೇ ಪದೇ ಊದುತ್ತಿದ್ದರೆ ಶುಗರ್ ಕೂಡ ಒಮ್ಮೆ ಚೆಕ್ ಮಾಡಿಸಿ.