ಚೀಟಿಯಲ್ಲಿದ್ದದ್ದು ಮೂರೇ ಅಕ್ಷರ

ದಾವಣಗೆರೆಯ ನನ್ನ ವಕೀಲಿ ಆಫೀಸಿಗೆ ಆ ತಾಯಿ ಬಂದಾಗ ಮಗುವಿಗೆ ಎರಡು ವರ್ಷ ತುಂಬಲು 19 ದಿನ ಬಾಕಿ ಇತ್ತು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಗು. ಸ್ಪೈನಾ ಬಿಫಿಡಾ ಅಂತಾರೆ. ಎರಡು ಆಪರೇಷನ್ ಆಗಿತ್ತು, ಕಾಲಿಗೆ ಬಲ ಬಂದಿರಲಿಲ್ಲ. ಆಕೆ ಮೊದಲು ಕೇಳಿದ್ದು ಪರಿಹಾರದ ವಿಷಯ ಅಲ್ಲ.

"ಮೇಡಂ, ಮಾತ್ರೆ ನುಂಗಿದೋಳು ನಾನೇ ಅಲ್ವಾ? ಮನೇಲಿ ನಂದೇ ತಪ್ಪು ಅಂತಾರೆ."

"ಡಾಕ್ಟರ್ ಬರೆದಿದ್ದನ್ನ ನುಂಗೋದು ತಪ್ಪಲ್ಲಮ್ಮ" ಅಂದೆ. ಈ ಮಾತನ್ನು ಅತ್ತೆಯ ಮುಂದೆಯೂ ಹೇಳಬೇಕು ಅನ್ನಿಸಿ ಮರುದಿನ ಅವರನ್ನೂ ಕರೆಸಿದೆ.

ಪಿಯುಸಿ ಓದುವಾಗಿನಿಂದ ಆಕೆಗೆ ಫಿಟ್ಸ್. ಸೋಡಿಯಂ ವಾಲ್‌ಪ್ರೊಯೇಟ್ ನುಂಗುತ್ತಿದ್ದಳು. ಫಿಟ್ಸಿಗೆ ಒಳ್ಳೆಯ ಔಷಧಿಯೇ. ಆದರೆ ಗರ್ಭದಲ್ಲಿರುವಾಗ ಈ ಮಾತ್ರೆಗೆ ಸಿಕ್ಕಿದ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ದೋಷ ಇರುತ್ತದೆ. ಸಾಮಾನ್ಯವಾಗಿ ಇದು 2-3. ಮಾತು, ಕಲಿಕೆ, ಬೆಳವಣಿಗೆಯ ತೊಂದರೆ ಮಾತ್ರೆಗೆ ಸಿಕ್ಕಿದ 100ರಲ್ಲಿ 30-40 ಮಕ್ಕಳಿಗೆ. ಬ್ರಿಟನ್ನಿನಲ್ಲಿ 2018ರಿಂದ, ಗರ್ಭ ನಿಲ್ಲದಂತೆ ಪಕ್ಕಾ ವ್ಯವಸ್ಥೆ ಇಲ್ಲದೆ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಇದನ್ನು ಕೊಡುವಂತಿಲ್ಲ. ಅದು ಹೊರದೇಶದ ಮಾತು ಅನ್ನುವ ಹಾಗೂ ಇಲ್ಲ. ತಿರುವನಂತಪುರದಲ್ಲಿ 1998ರಿಂದಲೇ ಫಿಟ್ಸ್ ಇರುವ ಗರ್ಭಿಣಿಯರ ದಾಖಲೆ ಇಟ್ಟು ಅಧ್ಯಯನ ನಡೆದಿದೆ.

ಗ್ರಾಹಕರ ಆಯೋಗಕ್ಕೆ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು, ಆದರೆ ಆ ಜಗಳವೇ ಬೇಡ ಅಂತ 19 ದಿನದಲ್ಲೇ ಹಾಕಲು ಕೂತೆ. ದುಡ್ಡು ಕಟ್ಟಿ ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದ್ದರಿಂದ ಈ ದಾರಿ ಇತ್ತು. ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು.

ಮೊದಲು ಆಸ್ಪತ್ರೆಗೆ ಪತ್ರ ಬರೆದು ದಾಖಲೆ ಕೇಳಿದೆವು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮಾವಳಿಯಲ್ಲೇ ಇದೆ. ಬಾಯಿಮಾತಲ್ಲಿ ಕೇಳಬೇಡಿ, ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕೇಳಿ. ಮನೆಯಲ್ಲಿ ಏನೇನಿದೆಯೋ ಎಲ್ಲ ತಗೊಂಡು ಬಾ ಅಂದಿದ್ದಕ್ಕೆ ಆಕೆ ಬಟ್ಟೆ ಅಂಗಡಿಯ ಕವರ್ ತಂದು ಮೇಜಿನ ಮೇಲೆ ಸುರಿದಳು. ಖಾಲಿ ಸ್ಟ್ರಿಪ್‌ಗಳು, ಮೆಡಿಕಲ್ ಶಾಪಿನ ಬಿಲ್ಲು, ಎಂಟು ವರ್ಷದ ಚೀಟಿಗಳು, ತಾಯಿ ಕಾರ್ಡು. ನೆಲದ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದೆವು. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನ ಇತ್ತು. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನದೊಳಗೆ. ಅಷ್ಟು ದಿನವೂ ಆಕೆ ಅದೇ ಮಾತ್ರೆ ನುಂಗುತ್ತಿದ್ದಳು ಅಂತ ಎರಡು ಬಿಲ್ಲುಗಳಿಂದ ಗೊತ್ತಾಯಿತು. ಬಸುರಿ ಅಂತ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಹೇಳಬೇಕಾದವರು ಅದಕ್ಕೂ ಮೊದಲೇ ಹೇಳಬೇಕಿತ್ತು.

ಆಮೇಲೆ ಆ ಚೀಟಿ ಸಿಕ್ಕಿತು. ಮದುವೆಯಾದ ನಾಲ್ಕನೇ ತಿಂಗಳಿನದು. ಮೇಲೆ ವೈದ್ಯರ ಕೈಬರಹದಲ್ಲೇ 'ಮ್ಯಾರೀಡ್' ಅಂತ ಇದೆ. ಕೆಳಗೆ ಮೂರೇ ಅಕ್ಷರ: ಸಿ, ಎಸ್, ಟಿ. ಅಂದರೆ ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಆ ಕಾಗದ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಮಾತ್ರೆ ತಯಾರಿಸಿದ ಕಂಪನಿಯನ್ನೂ ಕೇಸಿನಲ್ಲಿ ಪಾರ್ಟಿ ಮಾಡಿದ್ದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಸರಿಯಾದ ಎಚ್ಚರಿಕೆ ಕೊಡದಿದ್ದರೂ ತಯಾರಕರು ಹೊಣೆ. ಆದರೆ 87ನೇ ಕಲಂ ನಮಗೆ ಅಡ್ಡ ಬಂತು. ವೈದ್ಯರ ಸಲಹೆಯಲ್ಲೇ ಕೊಡಬೇಕಾದ ಔಷಧಿಗೆ, ವೈದ್ಯರಿಗೆ ಎಚ್ಚರಿಕೆ ತಲುಪಿಸಿದ್ದರೆ ಕಂಪನಿಗೆ ರಕ್ಷಣೆ ಇದೆ. ಅವರು ವೈದ್ಯರಿಗೆ ಕೊಡುವ ಮಾಹಿತಿ ಹಾಳೆ ತಂದಿಟ್ಟರು, ಗರ್ಭಿಣಿಯರ ಅಪಾಯ ಅದರಲ್ಲಿ ಸ್ಪಷ್ಟವಾಗಿತ್ತು. ಕಂಪನಿ ಕೇಸಿನಿಂದ ಹೊರಗೆ ಹೋಯಿತು. ಹಳ್ಳಿಯ ಹೆಂಗಸಿನ ಕೈಗೆ ಎಂದೂ ಬಾರದ ಹಾಳೆ ಅದು. ಈ ಕಲಂ ಬದಲಾಗಬೇಕು ಅಂತ ನಾನು ಈಗಲೂ ನಂಬಿದ್ದೇನೆ. ಆದರೆ ಅದೇ ಹಾಳೆ ವೈದ್ಯರ ವಿರುದ್ಧ ನಮ್ಮ ಸಾಕ್ಷಿಯಾಯಿತು.

ವೈದ್ಯರ ಕಡೆಯವರು, ಮಾತ್ರೆ ನಿಲ್ಲಿಸಿದ್ದರೆ ಫಿಟ್ಸ್ ಜಾಸ್ತಿಯಾಗಿ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಅಂದರು. ನಿಜವೇ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ನಿಲ್ಲಿಸಬೇಕಿತ್ತು ಅಂತ ನಾವು ಹೇಳಲೇ ಇಲ್ಲ. ಬಸುರಾಗುವ ಮೊದಲೇ ಬೇರೆ ಮಾತ್ರೆಗೆ ಬದಲಾಯಿಸುವ ಅವಕಾಶ ಇತ್ತು. ಕೊನೇಪಕ್ಷ ಆಕೆಗೆ ಹೇಳಬೇಕಿತ್ತು. ಆಯೋಗದಲ್ಲಿ ಸಾಮಾನ್ಯವಾಗಿ ಪಾಟೀ ಸವಾಲು ಬರಹದಲ್ಲೇ ನಡೆಯುತ್ತದೆ. ನಾನು ಒಂದೇ ಪ್ರಶ್ನೆಗೆ ಒತ್ತು ಕೊಟ್ಟೆ: ಅಪಾಯ ತಿಳಿಸಿದ್ದು ಯಾವ ತಾರೀಖು, ಯಾವ ಚೀಟಿಯಲ್ಲಿದೆ? 'ಬಾಯಲ್ಲಿ ಹೇಳಿದ್ದೆ' ಅಂತ ಉತ್ತರ ಬಂತು. ಮಗುವಿನ ಚಿಕಿತ್ಸೆಗೂ ತಾಯಿ ತಂದೆಯರ ನೋವಿಗೂ ಬೇರೆ ಬೇರೆ ಪರಿಹಾರ ಕೇಳಿದ್ದೆವು. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಕೇಸಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡಕ್ಕೂ ಒಪ್ಪಿದೆ. ಕೇಳಿದ್ದರಲ್ಲಿ ಒಂದು ಭಾಗಕ್ಕೆ ಆದೇಶವಾಯಿತು. ಆಸ್ಪತ್ರೆಯವರು ಅರ್ಧ ಹಣ ಠೇವಣಿ ಇಟ್ಟು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಿದ್ದಾರೆ.

ಹೋದ ತಿಂಗಳು ಆಕೆ ಬಂದಿದ್ದಳು, ಅತ್ತೆ ಮಗುವನ್ನು ಎತ್ತಿಕೊಂಡಿದ್ದರು. ಎರಡನೇ ಮಗುವಿನ ಯೋಚನೆ ಇದೆಯಂತೆ. ಬೇರೆ ವೈದ್ಯರು ಮಾತ್ರೆ ಬದಲಾಯಿಸಿದ್ದಾರೆ, ಫೋಲಿಕ್ ಆಸಿಡ್ ಈಗಲೇ ಶುರು ಮಾಡಿದ್ದಾರೆ. ಚೀಟಿ ತೋರಿಸಿದಳು. ಯಾವ ಮಾತ್ರೆಗೆ ಯಾವ ಅಪಾಯ ಅಂತ ಐದು ಸಾಲು ಕನ್ನಡದಲ್ಲೇ ಬರೆದಿತ್ತು. ಕೆಳಗೆ ಆಕೆಯ ಸಹಿ ಇತ್ತು.