ಮೇಕೆ ಜಂತುಹುಳಕ್ಕೆ ಜಾಲಿಕಾಯಿ, ಸುಬಾಬುಲ್: ನನ್ನ ಅನುಭವ

ಮಳೆಗಾಲ ಬಂದರೆ ನಮ್ಮ ಮೇಕೆಗಳಿಗೆ ಗದ್ದದ ಕೆಳಗೆ ನೀರು ತುಂಬಿದಂಥ ಊತ, ಒಸಡು ಬಿಳಿಚಿಕೊಳ್ಳುವುದು, ಹಿಂಡಿನಲ್ಲಿ ಹಿಂದೆ ಬೀಳುವುದು. ಭೇದಿ ಇರುತ್ತಿರಲಿಲ್ಲ, ಹಾಗಾಗಿ ಜಂತು ಅಂತ ಬೇಗ ಹೊಳೆಯುವುದೂ ಇಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಹೀಮೊಂಕಸ್ ಅಂದರು. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳ ಅದು, ಒಂದು ಹೆಣ್ಣು ದಿನಕ್ಕೆ 5000ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಆಲ್ಬೆಂಡಜೋಲ್ ಅನ್ನುವ ಜಂತಿನ ಮದ್ದು ಕುಡಿಸಿದರೂ ಹಿಕ್ಕೆಯಲ್ಲಿ ಮೊಟ್ಟೆ ಲೆಕ್ಕ ಇಳಿಯಲಿಲ್ಲ. ಒಂದೇ ಮದ್ದು ವರ್ಷಗಟ್ಟಲೆ ಕೊಟ್ಟರೆ ಹುಳ ಒಗ್ಗಿಕೊಳ್ಳುತ್ತೆ ಅಲ್ವಾ? ಸೊರಗಿದವಕ್ಕೆ ಮಾತ್ರ ಡಾಕ್ಟರು ಬೇರೆ ಗುಂಪಿನ ಮದ್ದು ಹಾಕಿದರು.

ಅದರ ಜೊತೆಗೆ ಮೇವಿನಲ್ಲಿ ಕರಿಜಾಲಿ ಕಾಯಿ, ಸುಬಾಬುಲ್ ಸೊಪ್ಪು ಶುರು ಮಾಡಿದೆ. ಎರಡರಲ್ಲೂ ಟ್ಯಾನಿನ್ ಅನ್ನುವ ಒಗರು ಅಂಶ ಇದೆ, ಅದು ಹುಳದ ಕಾಟ ಸ್ವಲ್ಪ ತಗ್ಗಿಸುತ್ತದೆ, ಮೇಲಾಗಿ ಸೊಪ್ಪಿನ ಪ್ರೋಟೀನ್‌ನಿಂದ ರಕ್ತ ಕಳೆದುಕೊಂಡ ಮೇಕೆ ಬೇಗ ಚೇತರಿಸಿಕೊಳ್ಳುತ್ತದೆ. ಸೊಪ್ಪನ್ನು ಎತ್ತರದಲ್ಲಿ ಕಟ್ಟಿ ತಿನ್ನಿಸುವುದು ಇನ್ನೂ ದೊಡ್ಡ ಲಾಭ, ಯಾಕೆಂದರೆ ಮರಿಹುಳ ಇರುವುದು ಇಬ್ಬನಿ ಬಿದ್ದ ನೆಲದ ಹುಲ್ಲಿನಲ್ಲಿ. ಸುಬಾಬುಲ್ ಮಾತ್ರ ಮೇವಿನ ಮೂರನೇ ಒಂದು ಭಾಗ ದಾಟಬಾರದು, ಅದರಲ್ಲಿರುವ ಮೈಮೋಸಿನ್ ಅನ್ನುವ ವಿಷದ ಅಂಶದಿಂದ ಕೂದಲು ಉದುರಬಹುದು. ಜಾಲಿಕಾಯಿ ಜಾಸ್ತಿಯಾದರೆ ಮೇಕೆ ಮೇವನ್ನೇ ಕಡಿಮೆ ಮಾಡುತ್ತದೆ. ಬೇವಿನ ಸೊಪ್ಪನ್ನೂ ಹಾಕಿ ನೋಡಿದೆ, ಮೇಕೆಗಳು ತಿಂದವು, ನಮ್ಮಲ್ಲಿ ಹುಳ ಮಾತ್ರ ಕ್ಯಾರೇ ಅನ್ನಲಿಲ್ಲ!

ಈಗ ಊತ ಕಾಣುವುದು ಅಪರೂಪ. ಮದ್ದು ಪೂರ್ತಿ ನಿಲ್ಲಿಸಿಲ್ಲ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡುತ್ತೇನೆ, ಕೆಂಪಗಿದ್ದರೆ ಸುಮ್ನೆ ಬಿಡುತ್ತೇನೆ, ಬಿಳಿಚಿದ್ದರೆ ಅವತ್ತೇ ಡಾಕ್ಟರಿಗೆ ಫೋನ್.