ತುಕ್ಕು ಹಿಡಿದ ಸ್ಪ್ರೇಯರ್ ಎಂಜಿನ್ ಬಿಡಿಸಿದ ಬಗೆ

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ನಮ್ಮ ನಾಲ್ಕು ಸ್ಟ್ರೋಕ್‌ನ ಪೆಟ್ರೋಲ್ ಎಂಜಿನ್, ಪ್ಲಗ್ ಬಿಚ್ಚಿದ ತೂತಿಗೆ ಬಟ್ಟೆಯ ಚೂರೊಂದನ್ನು ತುರುಕಿಸಿಕೊಂಡು, ಸೋರುವ ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಕಳೆದಿತ್ತು. ಬಟ್ಟೆ ತುರುಕಿದವನು ನಾನೇ. ಮೇ ಕೊನೆಯಲ್ಲಿ ಹಗ್ಗ ಎಳೆದರೆ ಅದು ಕದಲಲಿಲ್ಲ.

ಮೊದಲು ಬೆಲ್ಟ್ ತೆಗೆದು ನೋಡಿದೆ; ಪಂಪಿನ ಪುಲ್ಲಿ ಸಲೀಸಾಗಿ ತಿರುಗಿತು, ಎಂಜಿನ್ ತಿರುಗಲಿಲ್ಲ. ಪ್ಲಗ್ಗಿನ ತೂತಿನಲ್ಲಿ ಟಾರ್ಚ್ ಬಿಟ್ಟಾಗ ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ನಡುವೆ ನಿಂತ ಪಿಸ್ಟನ್ನೂ ಅದರ ಸುತ್ತ ಕೆಂಪು ತುಕ್ಕೂ ಕಂಡವು. ವಾಲ್ವ್ ಸಹ ಹಿಡಿದುಕೊಂಡಿದ್ದರೆ, ಬಲವಂತವಾಗಿ ತಿರುಗಿಸಿದಾಗ ವಾಲ್ವ್ ತೆರೆಯುವ ಸರಳಾದ ಪುಶ್‌ರಾಡ್ ಬಾಗುತ್ತದೆ. ಆದ್ದರಿಂದ ಹೆಡ್ (ಬೋರಿನ ಮೇಲ್ಮುಚ್ಚಳ) ಬಿಚ್ಚದೆ, ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿಗೆ ಕೈ ಹಾಕಬಾರದೆಂದುಕೊಂಡೆ.

ಹೆಡ್ಡಿನ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು. ನಾಲ್ಕನೆಯದಕ್ಕೆ ಮೈಲುತುತ್ತದ ನೀರು ತಾಗಿರಬೇಕು, ಅದು ಕಬ್ಬಿಣವನ್ನು ತಿನ್ನದೆ ಬಿಡುವುದಿಲ್ಲ. ಪೆಟ್ರೋಲ್ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಕಳಚಿ ದೂರವಿಟ್ಟು, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿದೆ. ಕಾದಾಗ ಅಲ್ಯೂಮಿನಿಯಮ್ ಉಕ್ಕಿನ ಸುಮಾರು 2 ಪಟ್ಟು ಹಿಗ್ಗುವುದರಿಂದ ಬೋಲ್ಟಿನ ಹಿಡಿತ ಸಡಿಲವಾಗುತ್ತದೆ. ಅದೇ ಕಾರಣಕ್ಕೆ ಪಿಸ್ಟನ್ನನ್ನು ಕಾಯಿಸಬಾರದು: ಬೀಡುಕಬ್ಬಿಣದ ಸ್ಲೀವಿನ (ಬೋರಿನ ಒಳಗೋಡೆಯ) ಒಳಗಿರುವ ಅಲ್ಯೂಮಿನಿಯಮ್ ಪಿಸ್ಟನ್ ಇನ್ನಷ್ಟು ಬಿಗಿಯಾಗುತ್ತದೆ.

ಹೆಡ್ ತೆಗೆದು, ಎಲ್ಲವೂ ಪೂರ್ತಿ ಆರಿದ ಮೇಲೆ, ಬೋರ್ ನೆಟ್ಟಗೆ ನಿಲ್ಲುವಂತೆ ಎಂಜಿನ್ನನ್ನು ವಾಲಿಸಿ, ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ (ATF) ಮತ್ತು ಅಸಿಟೋನ್‌ಗಳನ್ನು ಸಮಪಾಲಿನಲ್ಲಿ ಕಲಸಿ ಪಿಸ್ಟನ್ನಿನ ಮೇಲೆ ಸುರಿದು, ಅಸಿಟೋನ್ ಆವಿಯಾಗದಂತೆ ತಟ್ಟೆ ಮುಚ್ಚಿದೆ. ಇದು ಬೇಗ ಬೆಂಕಿ ಹಿಡಿಯುವ ಮಿಶ್ರಣ. ಕಾಯಿಸುವ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. ಪಿಸ್ಟನ್ನಿನ ಮೇಲಿನ ಬೋರಿನ ತುಕ್ಕನ್ನು 400ರ ಎಮೆರಿ ಕಾಗದದಿಂದ ಉಜ್ಜಿ ತೆಗೆದೆ. ಇಲ್ಲದಿದ್ದರೆ ಮೇಲೇರುವಾಗ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ.

ನಾಲ್ಕು ದಿನ ಬೆಳಿಗ್ಗೆ ಸಂಜೆ ಎಣ್ಣೆ ತುಂಬಿಸುತ್ತ, ಫ್ಲೈವೀಲಿನ ನಟ್ಟಿಗೆ ಪಾನಾ ಹಾಕಿ ಬಿಗಿಯುವ ದಿಕ್ಕಿಗೆ ಮಾತ್ರ ಒತ್ತುತ್ತಿದ್ದೆ, ಏಕೆಂದರೆ ಹಿಂದಕ್ಕೆ ಒತ್ತಿದರೆ ನಟ್ಟೇ ಬಿಚ್ಚಿಕೊಳ್ಳುತ್ತದೆ. ಸುತ್ತಿಗೆಯಿಂದ ಹೊಡೆಯಲು ನೆರೆಯವರು ಹೇಳಿದರೂ ನಾನು ಒಪ್ಪಲಿಲ್ಲ, ರಿಂಗ್ ಕೂರುವ ತೋಡು ಮುರಿದರೆ ಪಿಸ್ಟನ್ ಹೋದಂತೆಯೇ. ಐದನೆಯ ಬೆಳಿಗ್ಗೆ ಅದು ಕೂದಲೆಳೆಯಷ್ಟು ಕದಲಿತು. ಕದಲಿದೊಡನೆ ಪೂರ್ತಿ ಸುತ್ತಿಸುವ ಆಸೆಯನ್ನು ತಡೆದುಕೊಂಡು, ಫ್ಲೈವೀಲನ್ನು ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಮಧ್ಯಾಹ್ನದ ಹೊತ್ತಿಗೆ ಒಂದು ಸುತ್ತು ಮುಗಿಸಿದೆ.

ರಿಂಗುಗಳನ್ನೂ ಹೆಡ್ ಗ್ಯಾಸ್ಕೆಟ್ಟನ್ನೂ ಹೊಸದಾಗಿ ಹಾಕಿ, ಮಿಶ್ರಣ ಇಳಿದು ತೆಳುವಾಗಿದ್ದ, ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿನ ಎಣ್ಣೆಯನ್ನು ಬದಲಿಸಿದೆ. ಬೋರಿನಲ್ಲಿ ತುಕ್ಕು ತಿಂದ ಒಂದೆರಡು ಗುಳಿ ಉಳಿದಿರುವುದರಿಂದ ಎಂಜಿನ್ ಸ್ವಲ್ಪ ಎಣ್ಣೆ ಕುಡಿಯುತ್ತದೆ. ಬೋರ್ಡೋ ಹೊಡೆಯುವ ದಿನಗಳಲ್ಲಿ ಬೆಳಿಗ್ಗೆ ಮೊದಲು ಎಣ್ಣೆಯ ಮಟ್ಟ ನೋಡಿಯೇ ಹಗ್ಗ ಎಳೆಯುತ್ತೇನೆ.